ಕೈಗಾದಲ್ಲಿ ಕೆಲಸ ಮಾಡುವ ಅಳಿಯ ರೇಡಿಯೇಷನ್ ಮನೆಗೆ ತರುತ್ತಾನಾ?

ಪ್ರಶ್ನೆ: ನಾವು ಶಿರಸಿ ಕಡೆಯವರು. ಮಗಳಿಗೆ ಒಂದು ಒಳ್ಳೆಯ ಸಂಬಂಧ ಬಂದಿದೆ. ಹುಡುಗ ಕೈಗಾ ಅಣು ವಿದ್ಯುತ್ ಸ್ಥಾವರದಲ್ಲಿ ಎಂಜಿನಿಯರ್. ಜಾತಕ ಕೂಡಿದೆ, ಮಗಳಿಗೂ ಮನಸ್ಸಿದೆ. ಆದರೆ ನಮ್ಮ ಭಾವನವರು ಬೇಡವೇ ಬೇಡ ಅನ್ನುತ್ತಿದ್ದಾರೆ. "ಅಲ್ಲಿ ಕೆಲಸ ಮಾಡುವವರ ಮೈಗೆ ರೇಡಿಯೇಷನ್ ಹತ್ತಿಕೊಳ್ಳುತ್ತೆ, ಬಟ್ಟೆಯಲ್ಲಿ ಮನೆಗೂ ಬರುತ್ತೆ, ಹುಟ್ಟುವ ಮಕ್ಕಳಿಗೂ ಬಿಡಲ್ಲ" ಅಂತ ಅವರ ವಾದ. ನಾನು ಓದಿದ್ದು ಪಿಯುಸಿ, ಅದೂ ಆರ್ಟ್ಸ್. ಅಲ್ಲಿ ನಿಜವಾಗಿ ಉರಿಯುವುದು ಏನು? ರೇಡಿಯೇಷನ್ ಅಂದರೇನು, ಅದು ಅಂಟುತ್ತಾ? ಮದುವೆಗೆ ಮುಂಚೆ ಹುಡುಗನಿಗೆ ಏನಾದರೂ ಟೆಸ್ಟ್ ಮಾಡಿಸಬೇಕಾ? ನನಗೆ ತಿಳಿಯುವ ಹಾಗೆ ಹೇಳಿ.

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಯಾವ ಟೆಸ್ಟೂ ಬೇಡ. ಆ ಹುಡುಗನ ಜೊತೆ ಒಂದೇ ಮನೆಯಲ್ಲಿ ಬಾಳಿದರೆ, ಅವನ ಬಟ್ಟೆ ಒಗೆದರೆ ನಿಮ್ಮ ಮಗಳಿಗೆ ರೇಡಿಯೇಷನ್ ಹತ್ತುವುದಿಲ್ಲ. ಹಾಗಂತ ನಿಮ್ಮ ಭಾವನವರ ಮಾತು ಪೂರ್ತಿ ಹುರುಳಿಲ್ಲದ್ದೂ ಅಲ್ಲ. ಎರಡು ಬೇರೆ ಬೇರೆ ಸಂಗತಿಗಳು ಅವರ ತಲೆಯಲ್ಲಿ ಒಂದಾಗಿ ಕಲೆತುಹೋಗಿವೆ. ಮೂವತ್ತು ವರ್ಷ ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡಿದ್ದೇನೆ. ಡಿಗ್ರಿ ಮುಗಿಸಿದವರಲ್ಲೂ ಇದೇ ಗೊಂದಲ ಕಂಡಿದ್ದೇನೆ. ಆ ಗಂಟು ಬಿಚ್ಚಿಕೊಂಡರೆ ಉಳಿದದ್ದು ಕಷ್ಟವಿಲ್ಲ.

ನಿಮ್ಮ ಕಡೆ ಚಳಿಗಾಲದ ಬೆಳಿಗ್ಗೆ ಬಚ್ಚಲೊಲೆಯ ಮುಂದೆ ಕೂತು ಮೈ ಕಾಯಿಸಿಕೊಳ್ಳುತ್ತೀರಿ, ಅಲ್ವಾ? ಒಲೆಯ ಶಾಖ ಮೈಗೆ ತಾಕುತ್ತದೆ. ಜಾಸ್ತಿ ಹತ್ತಿರ ಹೋದರೆ ಚರ್ಮ ಚುರ್ ಅನ್ನುತ್ತದೆ. ಆದರೆ ಎದ್ದು ಒಳಗೆ ಬಂದ ಮೇಲೆ ನಿಮ್ಮನ್ನು ಮುಟ್ಟಿದ ಮೊಮ್ಮಗುವಿಗೆ ಸುಡುತ್ತದೆಯೇ? ಇಲ್ಲ. ಶಾಖ ತಾಕಿದ ಮಾತ್ರಕ್ಕೆ ನೀವು ಕೆಂಡ ಆಗಲಿಲ್ಲ. ಈಗ ಇನ್ನೊಂದು ಸಂಗತಿ ನೋಡಿ. ಒಲೆಯಿಂದ ಒಂದು ಕೆಂಡ ಸಿಡಿದು ಸೆರಗಿನ ಮಡಿಕೆಯಲ್ಲಿ ಸಿಕ್ಕಿಕೊಂಡಿದೆ. ನೀವು ಎಲ್ಲಿಗೆ ಹೋದರೂ ಅದು ನಿಮ್ಮ ಜೊತೆಗೇ ಬರುತ್ತದೆ. ನಿಮ್ಮನ್ನೂ ಸುಡುತ್ತದೆ, ನೀವು ಎತ್ತಿಕೊಂಡ ಮಗುವನ್ನೂ ಸುಡುತ್ತದೆ.

ರೇಡಿಯೇಷನ್ ಅಂದರೆ ಒಲೆಯ ಶಾಖದ ಹಾಗೆ. ರೇಡಿಯೋಆಕ್ಟಿವ್ ವಸ್ತು ಅಂದರೆ ಕೆಂಡ. ನಮ್ಮ ಪಠ್ಯಪುಸ್ತಕಗಳು ಮೊದಲನೆಯದನ್ನು ವಿಕಿರಣ ಅನ್ನುತ್ತವೆ, ಎರಡನೆಯದನ್ನು ವಿಕಿರಣಶೀಲ ವಸ್ತು ಅನ್ನುತ್ತವೆ. ಕಿರಣ ಮೈಗೆ ತಾಗುವುದು ಒಂದು, ವಸ್ತು ಮೈಗೆ ಅಂಟುವುದು ಇನ್ನೊಂದು. ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಸಿಕೊಂಡು ಬಂದವರ ಪಕ್ಕ ಕೂರಲು ನಾವು ಯಾರೂ ಹೆದರುವುದಿಲ್ಲ. ಕಿರಣ ಬಂತು, ಮೈ ಹಾಯ್ದು ಹೋಯಿತು, ಮಷಿನ್ ಆಫ್ ಆಯಿತು, ಅಲ್ಲಿಗೆ ಮುಗಿಯಿತು.

ಇದನ್ನು ನಾನು ಪ್ರತಿ ವರ್ಷ ಲ್ಯಾಬ್‌ನಲ್ಲಿ ಮಾಡಿ ತೋರಿಸುತ್ತಿದ್ದೆ. ಹಿಂದೆ ಮದುವೆಮನೆಗೆ, ಯಕ್ಷಗಾನದ ಆಟಕ್ಕೆ ಗ್ಯಾಸ್‌ಲೈಟ್ ಹಚ್ಚುತ್ತಿದ್ದರಲ್ಲ, ಅದರೊಳಗೆ ಬಿಳಿ ಬಲೆಯ ಹಾಗಿನ ಮ್ಯಾಂಟಲ್ ಕಟ್ಟುತ್ತಿದ್ದರು. ಹಳೆಯ ಕಾಲದ ಮ್ಯಾಂಟಲ್‌ಗಳಲ್ಲಿ ಥೋರಿಯಂ ಇರುತ್ತಿತ್ತು. ಥೋರಿಯಂ ರೇಡಿಯೋಆಕ್ಟಿವ್. ಒಂದು ಮ್ಯಾಂಟಲ್ ಅನ್ನು ಮೇಜಿನ ಮೇಲಿಟ್ಟು ರೇಡಿಯೇಷನ್ ಪತ್ತೆ ಹಚ್ಚುವ ಗೈಗರ್ ಕೌಂಟರ್ ಹತ್ತಿರ ತಂದರೆ ಅದುವರೆಗೆ ಆಗೊಂದು ಈಗೊಂದು ಟಿಕ್ ಅನ್ನುತ್ತಿದ್ದ ಯಂತ್ರ ಗರಗರ ಶುರು ಮಾಡುತ್ತಿತ್ತು. ಒಂದು ಗೇಣು ಹಿಂದೆ ಸರಿಸಿದರೆ ಸದ್ದು ಇಳಿಯುತ್ತಿತ್ತು. ನಡುವೆ ಅಲ್ಯೂಮಿನಿಯಂ ತಟ್ಟೆ ಹಿಡಿದರೆ ಇನ್ನೂ ಇಳಿಯುತ್ತಿತ್ತು. ಆಮೇಲೆ ಒಬ್ಬ ವಿದ್ಯಾರ್ಥಿಗೆ ಹೇಳುತ್ತಿದ್ದೆ: ಮ್ಯಾಂಟಲ್ ಮೇಲೆ ಒಂದು ನಿಮಿಷ ಅಂಗೈ ಚಾಚಿ ಹಿಡಿ, ಮುಟ್ಟಬೇಡ. ಈಗ ಅಂಗೈಯನ್ನು ಕೌಂಟರ್ ಹತ್ತಿರ ತಾ. ಏನೂ ಇಲ್ಲ. ಮೊದಲಿನ ಹಾಗೇ ಆಗೊಂದು ಈಗೊಂದು ಟಿಕ್. ಅದಾದ ಮೇಲೆ ನಾನು ಗ್ಲೌಸ್ ಹಾಕಿಕೊಂಡು ಹಳೆಯ ಮ್ಯಾಂಟಲ್ ಒಂದರ ಪುಡಿಯನ್ನು ಬೆರಳಿಗೆ ಸವರಿಕೊಳ್ಳುತ್ತಿದ್ದೆ. ಆ ಬೆರಳು ಕೌಂಟರ್ ಹತ್ತಿರ ಬಂದರೆ ಮತ್ತೆ ಗರಗರ. ಗ್ಲೌಸ್ ಬಿಚ್ಚಿ ಹಾಕಿದರೆ ಸದ್ದು ನಿಂತಿತು. ನೂರು ಪುಟ ಓದಿದರೂ ಹೊಳೆಯದ್ದು ಎರಡು ನಿಮಿಷದಲ್ಲಿ ಹುಡುಗರಿಗೆ ಹೊಳೆಯುತ್ತಿತ್ತು.

ಒಂದು ವಿನಾಯಿತಿ ಹೇಳದೆ ಹೋದರೆ ತಪ್ಪಾಗುತ್ತದೆ. ನ್ಯೂಟ್ರಾನ್ ಅನ್ನುವ ಕಣ ಬಡಿದರೆ ಎದುರಿನ ವಸ್ತುವೇ ರೇಡಿಯೋಆಕ್ಟಿವ್ ಆಗಬಹುದು. ಆದರೆ ನ್ಯೂಟ್ರಾನ್‌ಗಳ ಆ ಸುರಿಮಳೆ ಇರುವುದು ಓಡುತ್ತಿರುವ ರಿಯಾಕ್ಟರ್‌ನ ಹೊಟ್ಟೆಯಲ್ಲಿ. ಅಲ್ಲಿ ಯಾರೂ ಇರುವುದಿಲ್ಲ.

ಈಗ ಅಲ್ಲಿ ಉರಿಯುವುದು ಏನು ಅನ್ನುವುದಕ್ಕೆ ಬರೋಣ. ನಾವು ಸೌದೆ ಉರಿಸಿದಾಗ, ರಾಯಚೂರಿನಲ್ಲಿ ಕಲ್ಲಿದ್ದಲು ಉರಿಸಿದಾಗ ಪರಮಾಣುಗಳ ಹೊರಗಿನ ಎಲೆಕ್ಟ್ರಾನ್‌ಗಳು ಮಾತ್ರ ಜಾಗ ಬದಲಾಯಿಸುತ್ತವೆ. ಒಳಗಿನ ಬೀಜ, ಅಂದರೆ ನ್ಯೂಕ್ಲಿಯಸ್, ಮಿಸುಕುವುದೂ ಇಲ್ಲ. ಆ ಬೀಜ ತೀರಾ ಸಣ್ಣದು. ಯುರೇನಿಯಂ ಪರಮಾಣುವನ್ನು ನಿಮ್ಮೂರ ಶಾಲೆಯ ಆಟದ ಬಯಲಿನಷ್ಟು ದೊಡ್ಡದು ಮಾಡಿದರೆ ಅದರ ಬೀಜ ನಡುಮಧ್ಯ ಬಿದ್ದ ಒಂದು ಮೆಣಸಿನ ಕಾಳಿನಷ್ಟು. ಪರಮಾಣುವಿನ ತೂಕ ಹೆಚ್ಚುಕಮ್ಮಿ ಪೂರ್ತಿ ಆ ಕಾಳಿನಲ್ಲೇ ಇದೆ. ಅಲ್ಲಿ 92 ಪ್ರೋಟಾನ್‌ಗಳು ಒತ್ತೊತ್ತಾಗಿ ತುಂಬಿವೆ. ಎಲ್ಲವೂ ಒಂದೇ ವಿದ್ಯುತ್ ಗುಣದವು, ಹಾಗಾಗಿ ಒಂದನ್ನೊಂದು ದೂರ ತಳ್ಳುತ್ತಲೇ ಇರುತ್ತವೆ. ಪಕ್ಕಪಕ್ಕದ ಕಣಗಳನ್ನು ಮಾತ್ರ ಹಿಡಿದಿಡುವ ಇನ್ನೊಂದು ಬಲ ಇರುವುದರಿಂದ ಹೇಗೋ ಒಟ್ಟಿಗಿವೆ. ಯುರೇನಿಯಂ ಬೀಜ ಅಂದರೆ ಕಟ್ಟು ಬಿಗಿಯಾಗದ, ತುಂಬಿ ತುಳುಕುವ ಮೂಟೆ.

ಆ ಮೂಟೆ ಒಡೆಯಬಹುದು ಅಂತ ಗೊತ್ತಾದ ಕಥೆ ನನಗೆ ಬಹಳ ಇಷ್ಟ. 1938ರ ಡಿಸೆಂಬರ್. ಬರ್ಲಿನ್‌ನಲ್ಲಿ ಓಟೊ ಹಾನ್ ಮತ್ತು ಫ್ರಿಟ್ಜ್ ಸ್ಟ್ರಾಸ್‌ಮನ್ ಯುರೇನಿಯಂಗೆ ನ್ಯೂಟ್ರಾನ್ ಹೊಡೆದು ನೋಡಿದರು. ಕೊನೆಗೆ ಸಿಕ್ಕಿದ್ದು ಬೇರಿಯಂ. ಅದರ ತೂಕ ಯುರೇನಿಯಂನ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಹೇಗೆ ಬಂತು ಅಂತ ಅವರಿಗೇ ತಿಳಿಯಲಿಲ್ಲ. ಹಾನ್ ಕಾಗದ ಬರೆದದ್ದು ಲೀಸ ಮೈಟ್ನರ್‌ಗೆ. ಆಕೆ ಮೂವತ್ತು ವರ್ಷ ಅವರ ಜೊತೆ ದುಡಿದ ಭೌತವಿಜ್ಞಾನಿ. ಯಹೂದಿ ಮನೆತನದಲ್ಲಿ ಹುಟ್ಟಿದ ಕಾರಣಕ್ಕೆ ಅದೇ ವರ್ಷ ಜುಲೈನಲ್ಲಿ ಜರ್ಮನಿ ಬಿಟ್ಟು ಓಡಿ ಸ್ವೀಡನ್ ಸೇರಿದ್ದರು. ಕ್ರಿಸ್‌ಮಸ್‌ಗೆ ಅಕ್ಕನ ಮಗ ಓಟೊ ಫ್ರಿಶ್ ಚಿಕ್ಕಮ್ಮನನ್ನು ನೋಡಲು ಬಂದಿದ್ದ. ಅವನೂ ಭೌತವಿಜ್ಞಾನಿ. ಇಬ್ಬರೂ ಹಿಮದಲ್ಲಿ ತಿರುಗಾಡಲು ಹೋದರು. ದಾರಿಯಲ್ಲಿ ಬಿದ್ದಿದ್ದ ಮರದ ದಿಮ್ಮಿಯ ಮೇಲೆ ಕೂತು ಕಾಗದದ ಚೂರುಗಳಲ್ಲಿ ಲೆಕ್ಕ ಹಾಕಿದರು. ನ್ಯೂಕ್ಲಿಯಸ್ ಒಂದು ನೀರಿನ ಹನಿಯ ಹಾಗೆ. ನ್ಯೂಟ್ರಾನ್ ತಾಗಿದಾಗ ಹನಿ ಅಲುಗಿ, ಉದ್ದವಾಗಿ, ಸೊಂಟ ಸಣ್ಣದಾಗಿ ಎರಡಾಗುತ್ತದೆ. ಎರಡೂ ಚೂರು ಒಂದನ್ನೊಂದು ತಳ್ಳಿಕೊಂಡು ಭಾರಿ ವೇಗದಲ್ಲಿ ಹಾರುತ್ತವೆ. ಚೂರುಗಳ ಒಟ್ಟು ತೂಕ ಮೊದಲಿನ ತೂಕಕ್ಕಿಂತ ಕೂದಲೆಳೆಯಷ್ಟು ಕಡಿಮೆ. ಆ ಕಡಿಮೆಯಾದ ತೂಕವೇ ಐನ್‌ಸ್ಟೈನ್ ಹೇಳಿದ ಹಾಗೆ ಶಕ್ತಿಯಾಗಿದೆ. ರಸಾಯನಶಾಸ್ತ್ರದ 1944ರ ನೊಬೆಲ್ ಹಾನ್ ಒಬ್ಬರಿಗೇ ಹೋಯಿತು. ಮೈಟ್ನರ್‌ಗೆ ಅದು ಸಿಗಬೇಕಿತ್ತು ಅಂತ ನಾನು ಪಾಠ ಮಾಡಿದ ಪ್ರತಿ ವರ್ಷವೂ ಹೇಳಿದ್ದೇನೆ.

ಒಂದು ಯುರೇನಿಯಂ ಬೀಜ ಒಡೆದಾಗ ಬರುವ ಶಕ್ತಿ, ಒಂದು ಇಂಗಾಲದ ಪರಮಾಣು ಉರಿದಾಗ ಬರುವುದಕ್ಕಿಂತ ಸುಮಾರು 5 ಕೋಟಿ ಪಟ್ಟು. ಜೊತೆಗೆ ಎರಡು ಮೂರು ಹೊಸ ನ್ಯೂಟ್ರಾನ್‌ಗಳೂ ಹೊರಬೀಳುತ್ತವೆ. ಅವು ಹೋಗಿ ಇನ್ನೊಂದು ಬೀಜ ಒಡೆಯಬಹುದು. ಸರಪಳಿ ಅನ್ನುವುದು ಇದಕ್ಕೇ.

ಕೈಗಾದಲ್ಲಿ ಈ ಕೆಲಸ ಹೇಗೆ ನಡೆಯುತ್ತದೆ ಅಂತ ತಿಳಿಯಲು ಒಂದೇ ಒಂದು ವಸ್ತು ನೋಡಿದರೆ ಸಾಕು. ಅದರ ಹೆಸರು ಬಂಡಲ್. ಅರ್ಧ ಮೀಟರ್ ಉದ್ದ, ಎಂಟು ಸೆಂಟಿಮೀಟರ್‌ನಷ್ಟು ದಪ್ಪ. ಊದುಬತ್ತಿ ಕಟ್ಟಿನ ಹಾಗೆ 19 ಲೋಹದ ಕೊಳವೆಗಳನ್ನು ಸೇರಿಸಿ ಬೆಸೆದಿರುತ್ತಾರೆ. ಪ್ರತಿ ಕೊಳವೆಯೊಳಗೆ ಕಪ್ಪು ಬಣ್ಣದ ಯುರೇನಿಯಂ ಆಕ್ಸೈಡ್ ಬಿಲ್ಲೆಗಳು. ಒಟ್ಟು ತೂಕ 16 ಕೆಜಿ ಆಸುಪಾಸು. ಹೈದರಾಬಾದಿನ ನ್ಯೂಕ್ಲಿಯರ್ ಫ್ಯುಯೆಲ್ ಕಾಂಪ್ಲೆಕ್ಸ್‌ನಲ್ಲಿ ಇದನ್ನು ಮಾಡುತ್ತಾರೆ. ಕೈಗಾದ 220 ಮೆಗಾವಾಟ್‌ನ ಒಂದೊಂದು ರಿಯಾಕ್ಟರ್‌ನಲ್ಲೂ 306 ಅಡ್ಡ ಕೊಳವೆಗಳು, ಒಂದೊಂದರಲ್ಲಿ 12 ಬಂಡಲ್, ಒಟ್ಟು 3,672. ಒಂದು ಬಂಡಲ್ ತನ್ನ ಆಯಸ್ಸಿನಲ್ಲಿ ಸುಮಾರು 6 ಲಕ್ಷ ಯೂನಿಟ್ ಕರೆಂಟ್ ಕೊಡುತ್ತದೆ. ತಿಂಗಳಿಗೆ 100 ಯೂನಿಟ್ ಉರಿಸುವ ಮನೆಗಳಾದರೆ 500 ಮನೆಗೆ ಒಂದು ವರ್ಷ. ಅಷ್ಟೇ ಕರೆಂಟಿಗೆ 400 ಟನ್ ಕಲ್ಲಿದ್ದಲು ಬೇಕು, ಅಂದರೆ ಗೂಡ್ಸ್ ರೈಲಿನ ಆರೇಳು ವ್ಯಾಗನ್.

ಒಡೆದ ಚೂರುಗಳ ಓಟವೇ ಬಿಸಿ. ಆ ಬಿಸಿಯಿಂದ ನೀರು ಆವಿ, ಆವಿಯಿಂದ ಟರ್ಬೈನ್, ಟರ್ಬೈನ್‌ನಿಂದ ಜನರೇಟರ್. ರಾಯಚೂರಿಗೂ ಕೈಗಾಕ್ಕೂ ಇಲ್ಲಿಂದ ಮುಂದೆ ವ್ಯತ್ಯಾಸವಿಲ್ಲ. ಒಲೆ ಮಾತ್ರ ಬೇರೆ.

ಒಲೆಯಲ್ಲಿ ಒಂದು ಚಮತ್ಕಾರ ಇದೆ. ಹೊರಬಿದ್ದ ನ್ಯೂಟ್ರಾನ್ ಸೆಕೆಂಡಿಗೆ ಸಾವಿರಾರು ಕಿಲೋಮೀಟರ್ ವೇಗದಲ್ಲಿ ಓಡುತ್ತದೆ. ಅಷ್ಟು ವೇಗದ್ದು ಯುರೇನಿಯಂ ಬೀಜವನ್ನು ಒಡೆಯುವುದು ಅಪರೂಪ. ನಿಧಾನ ಮಾಡಬೇಕು. ಗೋಲಿ ಆಡುವಾಗ ನಿಮ್ಮ ಗೋಲಿ ದೊಡ್ಡ ಕಲ್ಲಿಗೆ ಬಡಿದರೆ ಅದೇ ವೇಗದಲ್ಲಿ ಹಿಂದೆ ಬರುತ್ತದೆ. ಅಷ್ಟೇ ತೂಕದ ಗೋಲಿಗೆ ಬಡಿದರೆ ಅದು ಮುಂದೆ ಹೋಗುತ್ತದೆ, ನಿಮ್ಮದು ನಿಲ್ಲುತ್ತದೆ. ಹಾಗೆಯೇ ನ್ಯೂಟ್ರಾನ್‌ಗೆ ಸರಿಜೋಡಿ ಹೈಡ್ರೋಜನ್. ಅದು ನೀರಿನಲ್ಲಿ ಬೇಕಾದಷ್ಟಿದೆ. ತೊಂದರೆ ಏನೆಂದರೆ ಸಾಮಾನ್ಯ ಹೈಡ್ರೋಜನ್ ಕೆಲವು ನ್ಯೂಟ್ರಾನ್‌ಗಳನ್ನು ನುಂಗಿಯೂ ಬಿಡುತ್ತದೆ. ಹೈಡ್ರೋಜನ್‌ಗೆ ಎರಡರಷ್ಟು ತೂಕದ ಒಬ್ಬ ಅಣ್ಣ ಇದ್ದಾನೆ, ಡ್ಯುಟೀರಿಯಂ ಅಂತ. ಅವನು ನುಂಗುವುದು ತೀರಾ ಕಮ್ಮಿ. ಡ್ಯುಟೀರಿಯಂನಿಂದಾದ ನೀರೇ ಭಾರಜಲ. ಒಂದು ಲೀಟರ್ 1.1 ಕೆಜಿ ತೂಗುತ್ತದೆ. ನೋಡಲು ನೀರಿನ ಹಾಗೇ ಇರುತ್ತದೆ. ಭಾರಜಲ ಇರುವುದರಿಂದಲೇ ಗಣಿಯಿಂದ ಬಂದ ಯುರೇನಿಯಂ ಅನ್ನು ನಾವು ಹಾಗೆಯೇ ಬಳಸಬಹುದು. ಅದರಲ್ಲಿ ಸುಲಭವಾಗಿ ಒಡೆಯುವ ಯುರೇನಿಯಂ-235 ಇರುವುದು ನೂರಕ್ಕೆ 0.7 ಭಾಗ. ಬಾಂಬಿಗೆ ಬೇಕಾಗುವುದು ನೂರಕ್ಕೆ ತೊಂಬತ್ತರ ಹತ್ತಿರ. ಹಾಗಾಗಿ "ಕೈಗಾ ಬಾಂಬಿನ ಹಾಗೆ ಸಿಡಿಯುತ್ತಾ" ಅನ್ನುವವರಿಗೆ ಉತ್ತರ: ಇಲ್ಲ. ಆ ಇಂಧನಕ್ಕೆ ಆ ಶಕ್ತಿ ಇಲ್ಲ.

ಹಾಗಾದರೆ ಚೆರ್ನೋಬಿಲ್, ಫುಕುಶಿಮಾ? ಕೇಳಲೇಬೇಕಾದ ಪ್ರಶ್ನೆ. 1986ರಲ್ಲಿ ಚೆರ್ನೋಬಿಲ್‌ನಲ್ಲಿ ಶಕ್ತಿ ಒಮ್ಮೆಲೇ ಏರಿ ಆವಿಯ ಒತ್ತಡಕ್ಕೆ ರಿಯಾಕ್ಟರ್ ಒಡೆಯಿತು. 2011ರಲ್ಲಿ ಫುಕುಶಿಮಾದಲ್ಲಿ ಆದದ್ದು ಬೇರೆ. ಅದನ್ನು ತಿಳಿಯಲು ಬಂಡಲ್‌ಗೇ ವಾಪಸ್ ಬರಬೇಕು.

ಹೊಸ ಬಂಡಲ್ ಅನ್ನು ಗ್ಲೌಸ್ ಹಾಕಿಕೊಂಡು ಕೈಯಲ್ಲಿ ಎತ್ತಬಹುದು. ಅದೇ ಬಂಡಲ್ ರಿಯಾಕ್ಟರ್‌ನಲ್ಲಿ ಉರಿದು ಹೊರಬಂದ ಮೇಲೆ ಅಡ್ಡ ಇಲ್ಲದೆ ಅದರ ಹತ್ತಿರ ನಿಲ್ಲುವುದು ಪ್ರಾಣಕ್ಕೇ ಅಪಾಯ. ನೋಡಲು ಎರಡೂ ಒಂದೇ. ಒಳಗೆ ಆಗಿರುವುದು ಏನು? ಯುರೇನಿಯಂ ಒಡೆದು ಅಯೋಡಿನ್-131, ಸೀಸಿಯಂ-137, ಸ್ಟ್ರಾನ್ಷಿಯಂ-90 ಇಂಥ ನೂರಾರು ಚೂರುಗಳು ಹುಟ್ಟಿವೆ. ಅವೆಲ್ಲ ನೆಲೆ ಸಿಗದ ಬೀಜಗಳು. ಹೆಚ್ಚಾಗಿದ್ದನ್ನು ಉಗುಳಿ ನೆಲೆಗೆ ಬರಲು ಹೊರಟಿವೆ. ಹಾಗೆ ಉಗುಳಿದ್ದೇ ರೇಡಿಯೇಷನ್. ಅದರಲ್ಲಿ ಮುಖ್ಯವಾಗಿ ಆಲ್ಫಾ, ಬೀಟಾ, ಗಾಮಾ ಅಂತ ಮೂರು ಬಗೆ. ಆಲ್ಫಾ ಕಣವನ್ನು ಒಂದು ಹಾಳೆ ಕಾಗದ ತಡೆಯುತ್ತದೆ, ಬೀಟಾವನ್ನು ಕೆಲವು ಮಿಲಿಮೀಟರ್ ಅಲ್ಯೂಮಿನಿಯಂ. ಗಾಮಾ ಕಿರಣಕ್ಕೆ ಸೀಸ ಬೇಕು, ಇಲ್ಲವೇ ದಪ್ಪ ಕಾಂಕ್ರೀಟ್ ಗೋಡೆ, ಇಲ್ಲವೇ ಕೆಲವು ಮೀಟರ್ ಆಳದ ನೀರು. ಅದಕ್ಕೇ ಉರಿದ ಬಂಡಲ್‌ಗಳನ್ನು ಯಂತ್ರಗಳೇ ಎಳೆದು ಆಳವಾದ ನೀರಿನ ಕೊಳದಲ್ಲಿ ಇಡುತ್ತವೆ.

ಯಾವ ಬೀಜ ಯಾವಾಗ ಉಗುಳುತ್ತದೆ ಅಂತ ಯಾರೂ ಹೇಳಲಾರರು. ಭತ್ತದ ಅರಳು ಹುರಿಯುವಾಗ ಮುಂದೆ ಸಿಡಿಯುವ ಕಾಳು ಯಾವುದು ಅಂತ ಹೇಳಲಾಗುವುದಿಲ್ಲವಲ್ಲ, ಹಾಗೆ. ಆದರೆ ಇಲ್ಲಿ ಒಲೆಯೂ ಬೇಡ. ಬಿಸಿ ಮಾಡಿದರೂ ತಣ್ಣಗಿಟ್ಟರೂ ಅದರ ಲಯ ಬದಲಾಗದು. ಒಟ್ಟು ರಾಶಿಯಲ್ಲಿ ಅರ್ಧ ಮುಗಿಯಲು ಹಿಡಿಯುವ ಕಾಲ ಮಾತ್ರ ನಿಖರ. ಅದನ್ನು ಅರ್ಧಾಯುಷ್ಯ ಅನ್ನುತ್ತೇವೆ. ಅಯೋಡಿನ್-131ಕ್ಕೆ 8 ದಿನ. ಇವತ್ತು ಸಾವಿರ ಇದ್ದರೆ 8 ದಿನಕ್ಕೆ ಐನೂರು, 16 ದಿನಕ್ಕೆ ಇನ್ನೂರೈವತ್ತು, ಮೂರು ತಿಂಗಳಿಗೆ ಲೆಕ್ಕಕ್ಕೆ ಇಲ್ಲ. ಸೀಸಿಯಂ-137ಕ್ಕೆ 30 ವರ್ಷ. ಯುರೇನಿಯಂ-238ಕ್ಕೆ ಸುಮಾರು 450 ಕೋಟಿ ವರ್ಷ.

ಇಲ್ಲಿ ಬಹಳ ಜನ ಎಡವುತ್ತಾರೆ. "450 ಕೋಟಿ ವರ್ಷ ಇರುತ್ತೆ" ಅಂದ ಕೂಡಲೇ ಭಯ. ಯೋಚಿಸಿ ನೋಡಿ. ಅಷ್ಟು ನಿಧಾನ ಖರ್ಚಾಗುವುದು ಅಂದರೆ ಪ್ರತಿ ಸೆಕೆಂಡಿಗೆ ಉಗುಳುವುದು ಬಹಳ ಕಮ್ಮಿ. ಒಂದು ಗ್ರಾಂ ಯುರೇನಿಯಂನಲ್ಲಿ ಸೆಕೆಂಡಿಗೆ ಸುಮಾರು 25,000 ಬೀಜ ಉಗುಳುತ್ತವೆ. ಒಂದು ಗ್ರಾಂ ಅಯೋಡಿನ್-131 ಆದರೆ ಅದರ ಸಾವಿರಾರು ಕೋಟಿ ಪಟ್ಟು. ಬೇಗ ಸಾಯುವುದೇ ಜೋರಾಗಿ ಉರಿಯುತ್ತದೆ. ಕಷ್ಟದ್ದು ನಡುವಿನವು: ಸೀಸಿಯಂ, ಸ್ಟ್ರಾನ್ಷಿಯಂ. ಜೋರೂ ಹೌದು, ಒಬ್ಬ ಮನುಷ್ಯನ ಜೀವಮಾನ ಪೂರ್ತಿ ಉಳಿಯುವುದೂ ಹೌದು. ಫುಕುಶಿಮಾ, ಚೆರ್ನೋಬಿಲ್ ಸುತ್ತಲಿನ ಮಣ್ಣಿನಲ್ಲಿ ಇಂದಿಗೂ ತಲೆನೋವಾಗಿರುವುದು ಮುಖ್ಯವಾಗಿ ಸೀಸಿಯಂ.

ರಿಯಾಕ್ಟರ್ ಆಫ್ ಮಾಡಿದರೂ ಈ ಚೂರುಗಳು ಉಗುಳುವುದು ನಿಲ್ಲುವುದಿಲ್ಲ. ಆಫ್ ಮಾಡಿದ ಗಳಿಗೆಯಲ್ಲಿ ಪೂರ್ತಿ ಶಾಖದ ನೂರಕ್ಕೆ ಆರು ಏಳು ಭಾಗ ಇನ್ನೂ ಬರುತ್ತಿರುತ್ತದೆ. ಒಂದು ದಿನದ ನಂತರವೂ ಪೂರ್ತಿ ಶಾಖದ ನೂರಕ್ಕೆ ಅರ್ಧ ಭಾಗದಷ್ಟು ಉಳಿದಿರುತ್ತದೆ. ಕೈಗಾದ ಒಂದು ರಿಯಾಕ್ಟರ್ ಲೆಕ್ಕದಲ್ಲಿ ಅದು ಕೆಲವು ಮೆಗಾವಾಟ್. ನೀರು ಹಾಯಿಸುತ್ತಲೇ ಇರಬೇಕು. ಫುಕುಶಿಮಾದಲ್ಲಿ ಭೂಕಂಪವಾದ ಕೂಡಲೇ ರಿಯಾಕ್ಟರ್‌ಗಳು ಸರಿಯಾಗಿಯೇ ನಿಂತವು. ಆಮೇಲೆ ಸುನಾಮಿ ಬಂದು ಡೀಸೆಲ್ ಜನರೇಟರ್‌ಗಳನ್ನು ಮುಳುಗಿಸಿತು, ಪಂಪು ನಿಂತಿತು, ಉಳಿದ ಶಾಖಕ್ಕೇ ಇಂಧನ ಕರಗಿತು, ಹುಟ್ಟಿದ ಹೈಡ್ರೋಜನ್ ಸಿಡಿಯಿತು. ಇಂಥ ಭಯವೇ ಇಲ್ಲ ಅಂತ ನಾನು ಹೇಳುವವನಲ್ಲ. ಶಿವರಾಮ ಕಾರಂತರಂಥವರು ಕೈಗಾವನ್ನು ವಿರೋಧಿಸಿದ್ದರು. 1994ರಲ್ಲಿ ಕಟ್ಟುತ್ತಿದ್ದ ಗುಮ್ಮಟದ ಒಳಪದರ ಕುಸಿದು ಬಿದ್ದಿತ್ತು. ಒಳಗೆ ಇನ್ನೂ ಇಂಧನ ಇರಲಿಲ್ಲ, ವಿನ್ಯಾಸ ಬದಲಿಸಿ ಮತ್ತೆ ಕಟ್ಟಿದರು. ಜನ ಪ್ರಶ್ನೆ ಕೇಳುತ್ತಲೇ ಇರಬೇಕು. ಆದರೆ ಅದು ಸ್ಥಾವರದ ಬಗೆಗಿನ ಪ್ರಶ್ನೆ. ನಿಮ್ಮದು ಅಲ್ಲಿ ದುಡಿದು ಮನೆಗೆ ಬರುವ ಹುಡುಗನ ಬಗೆಗಿನದು.

ಅವನ ಮಟ್ಟಿಗೆ ಒಲೆಯ ಶಾಖ ಇದೆ, ಕೆಂಡದ ಪುಡಿಯೂ ಇದೆ. ಶಾಖವನ್ನು ಅಳೆಯಲು ಎದೆಯ ಮೇಲೆ ಟಿಎಲ್‌ಡಿ ಅನ್ನುವ ಬ್ಯಾಡ್ಜ್ ಹಾಕಿಕೊಂಡಿರುತ್ತಾನೆ. ಅದನ್ನು ಆಗಾಗ ಓದಿ ಅವನ ಹೆಸರಿನಲ್ಲಿ ಲೆಕ್ಕ ಬರೆಯುತ್ತಾರೆ. ಪುಡಿ ಅಂಟದ ಹಾಗೆ ಒಳಗೆ ಹೋಗುವಾಗ ಬೇರೆ ಬಟ್ಟೆ, ಬೇರೆ ಚಪ್ಪಲಿ. ಆ ಬಟ್ಟೆ ಅಲ್ಲೇ ಉಳಿಯುತ್ತದೆ, ಅಲ್ಲೇ ಒಗೆಯುತ್ತಾರೆ. ಹೊರಬರುವಾಗ ಕೈಕಾಲು ಯಂತ್ರದ ಮೇಲಿಟ್ಟು ತೋರಿಸಬೇಕು. ಏನಾದರೂ ಅಂಟಿದ್ದರೆ ಯಂತ್ರ ಕೂಗುತ್ತದೆ, ತೊಳೆದುಕೊಂಡು ಮತ್ತೆ ಬರಬೇಕು. ನನ್ನ ಲ್ಯಾಬ್‌ನ ಗ್ಲೌಸ್ ಕಥೆಯೇ ಇದು.

ಭಾರಜಲದ ರಿಯಾಕ್ಟರ್‌ಗಳಲ್ಲಿ ವಿಶೇಷವಾಗಿ ಎಚ್ಚರ ಬೇಕಾದದ್ದು ಟ್ರಿಟಿಯಂ ವಿಷಯದಲ್ಲಿ. ಡ್ಯುಟೀರಿಯಂ ಒಂದು ನ್ಯೂಟ್ರಾನ್ ನುಂಗಿದರೆ ಟ್ರಿಟಿಯಂ ಆಗುತ್ತದೆ. ಅದರ ಕಿರಣ ಎಷ್ಟು ಬಡವಾಗಿದೆ ಅಂದರೆ ಚರ್ಮವನ್ನೂ ದಾಟದು. ಆದರೆ ಅದು ನೀರಿನ ರೂಪದಲ್ಲೇ ಇರುವುದರಿಂದ ಉಸಿರಿನಲ್ಲಿ, ಕುಡಿಯುವುದರಲ್ಲಿ ಒಳಗೆ ಹೋಗಬಹುದು. ಹೊರಗಿದ್ದರೆ ನಿರುಪದ್ರವಿ, ಒಳಗೆ ಹೋದರೆ ಲೆಕ್ಕಕ್ಕೆ ಬರುತ್ತದೆ. ಅದಕ್ಕೇ ಅಲ್ಲಿನ ಕೆಲಸಗಾರರ ಮೂತ್ರವನ್ನು ಆಗಾಗ ಪರೀಕ್ಷೆ ಮಾಡುತ್ತಾರೆ. 2009ರ ನವೆಂಬರ್‌ನಲ್ಲಿ ಕೈಗಾದಲ್ಲಿ ಯಾರೋ ಕುಡಿಯುವ ನೀರಿನ ಕೂಲರ್‌ಗೆ ಟ್ರಿಟಿಯಂ ಇದ್ದ ಭಾರಜಲ ಬೆರೆಸಿದ್ದು ಗೊತ್ತಾದದ್ದೇ ಈ ಪರೀಕ್ಷೆಯಿಂದ. ಐವತ್ತಕ್ಕೂ ಹೆಚ್ಚು ಕೆಲಸಗಾರರು ಆ ನೀರು ಕುಡಿದಿದ್ದರು. ನೀರು ದೇಹದಲ್ಲಿ ನಿಲ್ಲುವುದಿಲ್ಲವಲ್ಲ. ಸುಮಾರು ಹತ್ತು ದಿನಕ್ಕೆ ಅರ್ಧ ಹೊರಹೋಗುತ್ತದೆ. ಜಾಸ್ತಿ ನೀರು, ಪಾನೀಯ ಕುಡಿಸಿದರೆ ಇನ್ನೂ ಬೇಗ. ಚಿಕಿತ್ಸೆಯೂ ಅದೇ. ನಿಮ್ಮ ಭಾವನವರು ಬಹುಶಃ ಈ ಸುದ್ದಿಯನ್ನೇ ನೆನಪಿಟ್ಟುಕೊಂಡಿರಬೇಕು.

ಮನುಷ್ಯನೇ ಸ್ವಲ್ಪ ಕಾಲ ಕೆಂಡ ಆಗುವ ಸಂದರ್ಭ ಒಂದಿದೆ. ಅದು ಆಸ್ಪತ್ರೆಯಲ್ಲಿ. ಥೈರಾಯ್ಡ್ ಕ್ಯಾನ್ಸರ್‌ಗೆ ಅಯೋಡಿನ್-131 ಕುಡಿಸುತ್ತಾರೆ. ಮನೆಗೆ ಕಳಿಸಿದ ಮೇಲೂ ಕೆಲವು ದಿನ ಮಕ್ಕಳನ್ನು, ಗರ್ಭಿಣಿಯರನ್ನು ಹತ್ತಿರ ಬಿಟ್ಟುಕೊಳ್ಳಬೇಡಿ ಅನ್ನುತ್ತಾರೆ. ಅಲ್ಲಿ ಮೂಲವೇ ಹೊಟ್ಟೆಯೊಳಗೆ ಹೋಗಿದೆ. ಬೆವರಿನಲ್ಲಿ, ಮೂತ್ರದಲ್ಲಿ ಹೊರಬರುತ್ತದೆ. ಎಂಟು ದಿನದ ಅರ್ಧಾಯುಷ್ಯ, ಹಾಗಾಗಿ ಕೆಲವೇ ವಾರದಲ್ಲಿ ಮುಗಿಯುತ್ತದೆ.

ಇನ್ನು ಎಷ್ಟು ಅನ್ನುವ ಪ್ರಶ್ನೆ. ರೇಡಿಯೇಷನ್ ದೇಹಕ್ಕೆ ಮಾಡುವ ಪೆಟ್ಟನ್ನು ಮಿಲಿಸೀವರ್ಟ್ ಅನ್ನುವ ಅಳತೆಯಲ್ಲಿ ಹೇಳುತ್ತೇವೆ. ಏನೂ ಮಾಡದೆ ಸುಮ್ನೆ ಬದುಕಿದ್ದರೂ ಮಣ್ಣು, ಕಲ್ಲು, ಗಾಳಿ, ಆಕಾಶದಿಂದ ಜಗತ್ತಿನ ಸರಾಸರಿ ಮನುಷ್ಯನಿಗೆ ವರ್ಷಕ್ಕೆ 2.4 ಮಿಲಿಸೀವರ್ಟ್ ಬೀಳುತ್ತದೆ. ನಿಮ್ಮ ದೇಹದಲ್ಲೇ ಪೊಟ್ಯಾಷಿಯಂ-40 ಇದೆ. ಬಾಳೆಹಣ್ಣಿನಲ್ಲಿ, ಎಳನೀರಿನಲ್ಲಿ ಇರುವ ಪೊಟ್ಯಾಷಿಯಂ ಜೊತೆಗೇ ಅದೂ ಬರುತ್ತದೆ. 70 ಕೆಜಿ ತೂಗುವವರ ಮೈಯಲ್ಲಿ ಸೆಕೆಂಡಿಗೆ ನಾಲ್ಕು ಸಾವಿರಕ್ಕೂ ಹೆಚ್ಚು ಪೊಟ್ಯಾಷಿಯಂ ಬೀಜಗಳು ಉಗುಳುತ್ತಿರುತ್ತವೆ. ನನ್ನ ಮೈಯಲ್ಲೂ, ಭಾವನವರ ಮೈಯಲ್ಲೂ. ಮಂಗಳೂರಿನ ಪಕ್ಕದ ಉಳ್ಳಾಲದ ಕಡಲತೀರದ ಮರಳಲ್ಲಿ ಥೋರಿಯಂ ಇರುವ ಮೊನಜೈಟ್ ಅನ್ನುವ ಖನಿಜ ಇದೆ. ಅಲ್ಲಿ ಹಿನ್ನೆಲೆ ರೇಡಿಯೇಷನ್ ಜಾಸ್ತಿ ಅಂತ ಮಂಗಳೂರು ವಿಶ್ವವಿದ್ಯಾಲಯದವರು ಅಳೆದು ತೋರಿಸಿದ್ದಾರೆ. ಕೇರಳದ ಕರುನಾಗಪ್ಪಳ್ಳಿಯಲ್ಲಿ ಇನ್ನೂ ಜಾಸ್ತಿ. ತಲೆಮಾರುಗಳಿಂದ ಅಲ್ಲೇ ಇರುವ ಜನರನ್ನು ತಿರುವನಂತಪುರದ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರದವರು ವರ್ಷಗಟ್ಟಲೆ ಗಮನಿಸಿದರು. ಆ ಕಾರಣಕ್ಕೆ ಕ್ಯಾನ್ಸರ್ ಹೆಚ್ಚಾದದ್ದು ಕಾಣಲಿಲ್ಲ.

ಎದೆಯ ಸಿಟಿ ಸ್ಕ್ಯಾನ್ ಒಂದಕ್ಕೆ ಸುಮಾರು 7 ಮಿಲಿಸೀವರ್ಟ್. ಅಣು ಸ್ಥಾವರದ ಕೆಲಸಗಾರನಿಗೆ ಕಾನೂನಿನ ಮಿತಿ ಐದು ವರ್ಷದ ಸರಾಸರಿಯಲ್ಲಿ ವರ್ಷಕ್ಕೆ 20, ಯಾವುದೇ ಒಂದು ವರ್ಷ 30 ದಾಟುವಂತಿಲ್ಲ. ಹೊರಗಿನ ಜನರಿಗೆ ಸ್ಥಾವರದಿಂದ ವರ್ಷಕ್ಕೆ 1ಕ್ಕಿಂತ ಜಾಸ್ತಿ ಬೀಳಬಾರದು. ಮುಂದೆ ಕ್ಯಾನ್ಸರ್ ಬರುವ ಅಪಾಯ ಲೆಕ್ಕ ಹಾಕುವವರು ಸಾವಿರ ಮಿಲಿಸೀವರ್ಟ್‌ಗೆ ನೂರಕ್ಕೆ ಐದು ಅಂತ ಹಿಡಿಯುತ್ತಾರೆ. ಅದೇ ಲೆಕ್ಕದಲ್ಲಿ 20 ಮಿಲಿಸೀವರ್ಟ್‌ಗೆ ಸಾವಿರಕ್ಕೆ ಒಂದು. ಸೊನ್ನೆ ಅಂತ ನಾನು ಹೇಳುವುದಿಲ್ಲ. ಆದರೆ ನಮ್ಮ ರಸ್ತೆಗಳಲ್ಲಿ ದಿನಾ ಬೈಕ್ ಓಡಿಸುವ ಹುಡುಗನ ಬಗ್ಗೆ ನೀವು ಇಷ್ಟು ಯೋಚಿಸುತ್ತಿರಲಿಲ್ಲ, ಅಲ್ವಾ?

ಮಕ್ಕಳ ವಿಷಯ ನಿಮ್ಮ ಮನಸ್ಸಿಗೆ ಎಲ್ಲಕ್ಕಿಂತ ಹತ್ತಿರದ್ದು ಅಂತ ಗೊತ್ತು. ಹಿರೋಶಿಮಾ, ನಾಗಸಾಕಿಯಲ್ಲಿ ಬದುಕುಳಿದವರಿಗೆ ಆಮೇಲೆ ಹುಟ್ಟಿದ 70 ಸಾವಿರಕ್ಕೂ ಹೆಚ್ಚು ಮಕ್ಕಳನ್ನು ದಶಕಗಳ ಕಾಲ ಪರೀಕ್ಷಿಸಿದ್ದಾರೆ. ಆ ತಂದೆತಾಯಿಯರಲ್ಲಿ ಕೆಲವರಿಗೆ ಬಿದ್ದ ಪ್ರಮಾಣ ಕೈಗಾದ ನೌಕರರು ಜೀವಮಾನದಲ್ಲಿ ಕಾಣದಷ್ಟು. ಆದರೂ ಅಪ್ಪ ಅಮ್ಮನ ರೇಡಿಯೇಷನ್‌ನಿಂದ ಮಕ್ಕಳಲ್ಲಿ ಹುಟ್ಟುದೋಷ ಹೆಚ್ಚಾದದ್ದು ಕಂಡಿಲ್ಲ. ಬಾಂಬ್ ಬಿದ್ದಾಗ ತಾಯಿಯ ಹೊಟ್ಟೆಯಲ್ಲೇ ಇದ್ದ ಮಕ್ಕಳ ಕಥೆ ಬೇರೆ. ಅವರಲ್ಲಿ ಕೆಲವರ ಮಿದುಳಿನ ಬೆಳವಣಿಗೆಗೆ ಪೆಟ್ಟು ಬಿತ್ತು. ಹೊಟ್ಟೆಯಲ್ಲಿರುವ ಮಗುವಿಗೆ ನೇರವಾಗಿ ಬೀಳುವ ಕಿರಣಕ್ಕೇ ಹೆದರಬೇಕು. ಮುಂದೆ ಮಗಳು ಬಸುರಿಯಾದಾಗ ಗಂಡನ ಕೆಲಸದ ಬಗ್ಗೆ ಚಿಂತೆ ಬೇಡ. ಎಕ್ಸ್‌ರೇ, ಸಿಟಿ ಸ್ಕ್ಯಾನ್ ಅಂತ ಯಾರಾದರೂ ಬರೆದರೆ ಮೊದಲೇ "ನಾನು ಬಸುರಿ" ಅಂತ ಹೇಳಲು ಮರೆಯಬಾರದು, ಅಷ್ಟೇ. ಬಸುರಿಯರಿಗೆ ಮಾಡುವ ಅಲ್ಟ್ರಾಸೌಂಡ್ ಬರೀ ಶಬ್ದದ ಅಲೆ, ಅದಕ್ಕೆ ಭಯವಿಲ್ಲ.

ಟೆಸ್ಟ್ ಯಾಕೆ ಬೇಡ ಅಂದೆ? ಈ ಮಟ್ಟದ ಡೋಸ್ ಯಾವ ರಕ್ತಪರೀಕ್ಷೆಯಲ್ಲೂ ಕಾಣುವುದಿಲ್ಲ. ಸುಮ್ನೆ ದುಡ್ಡು ದಂಡ. ಅದಕ್ಕಿಂತ ನಂಬಬಹುದಾದ ಲೆಕ್ಕ ಹುಡುಗನ ಹೆಸರಿನಲ್ಲೇ ಇದೆ. ಕೆಲಸಕ್ಕೆ ಸೇರಿದ ದಿನದಿಂದ ಅವನಿಗೆ ಬಿದ್ದ ಒಂದೊಂದು ಮಿಲಿಸೀವರ್ಟೂ ದಾಖಲಾಗಿರುತ್ತದೆ. ಮಾತುಕತೆಗೆ ಬಂದಾಗ ಕಾಫಿ ಕೊಟ್ಟು, ಸಂಕೋಚ ಬಿಟ್ಟು, "ನಿನ್ನ ಡೋಸ್ ಎಷ್ಟಪ್ಪಾ, ಕಳೆದ ವರ್ಷದ್ದು?" ಅಂತ ಭಾವನವರೇ ಕೇಳಲಿ. ಅವನಿಗೆ ಗೊತ್ತಿರುತ್ತದೆ. ಅವನು ಹೇಳಿದ ಅಂಕಿಯನ್ನು 2.4ರ ಪಕ್ಕ, ಸಿಟಿ ಸ್ಕ್ಯಾನ್‌ನ 7ರ ಪಕ್ಕ ಇಟ್ಟು ನೋಡಿ. ಶಿಫ್ಟ್ ಕೆಲಸವೇ, ರಾತ್ರಿ ಪಾಳಿ ಎಷ್ಟು ದಿನ, ಮಲ್ಲಾಪುರದ ಕಾಲೊನಿಯಲ್ಲಿ ಮನೆ ಸಿಗುತ್ತದೆಯೇ, ಮಗಳಿಗೆ ಅಲ್ಲಿ ಕೆಲಸ ಮಾಡಲು ಅವಕಾಶ ಇದೆಯೇ ಅನ್ನುವುದನ್ನೂ ಅದೇ ಹೊತ್ತಿಗೆ ಕೇಳಿಕೊಳ್ಳಿ.